ಹಿಂದುಗಡೆ ತೋರಿಸಿ ಬೋಪಣ್ಣ

ಗೋಣಿಕೊಪ್ಪದಲ್ಲಿ ಜುಲೈ ಮಳೆ ಹಿಡಿದರೆ ಕರೆಂಟು ಹೋಗೋದು ಗೊತ್ತಾಗುತ್ತೆ, ಬರೋದು ದೇವರಿಗೇ ಗೊತ್ತು. ಆಗೆಲ್ಲ ಹರಟೆ ಸೇರುವುದು ರಫೀಕನ ಟಿವಿ-ಮೊಬೈಲ್ ರಿಪೇರಿ ಅಂಗಡಿಯಲ್ಲಿ. ಅಲ್ಲಿ ಇನ್ವರ್ಟರ್ ಇದೆ, ಪಕ್ಕದ ಕ್ಯಾಂಟೀನಿನಿಂದ ಕಾಫಿಯೂ ಬರುತ್ತೆ. ಬೋಪಣ್ಣ ಮೊಬೈಲ್ ಹಿಡಿದು ಬಂದವನೇ ಎಲ್ಲರ ಮೂಗಿನ ಹತ್ತಿರವೂ ಒಂದೊಂದು ಸುತ್ತು ಆಡಿಸಿದ. ತೆರೆಯ ಮೇಲೊಂದು ಗೇಮ್ ಕನ್ಸೋಲ್: ಮುಂದೆ ಮರದ ಪಟ್ಟಿ, ಕೆಂಪು ದೀಪ, ಎಂಬತ್ತರ ದಶಕದ ದಪ್ಪಕ್ಷರ.

"ಇನ್ನೂ ಬಂದಿಲ್ಲ. ಈಗಲೇ ದುಡ್ಡು ಹಾಕಿದವರಿಗೆ ಅರ್ಧ ಬೆಲೆ. ಎರಡು ತಗೊಳ್ಳೋದು ಅಂತ ತೀರ್ಮಾನ ಆಗಿದೆ."

ರಫೀಕ್ ಒಂದು ಫೋನಿನ ಚಾರ್ಜಿಂಗ್ ಪಿನ್ನಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಹಳೇ ಟೂತ್‌ಬ್ರಷ್ಷಿನಲ್ಲಿ ಹಸಿರು ಕಿಲುಬು ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ. "ಹಿಂದುಗಡೆ ತೋರಿಸಿ ಬೋಪಣ್ಣ."

"ಯಾರ ಹಿಂದುಗಡೆ?"

"ಪೆಟ್ಟಿಗೆಯದ್ದು. ವೈರ್ ಚುಚ್ಚುವ ಕಡೆ."

ಬೋಪಣ್ಣ ಮೇಲೆ ಕೆಳಗೆ ಉಜ್ಜಿದ. ಮುಂದಿನಿಂದ, ಎಡದಿಂದ, ಸೋಫಾ ಮೇಲೆ, ನಗುವ ಹುಡುಗಿಯ ಮಡಿಲಲ್ಲಿ, ಎಲ್ಲ ಇದೆ. ಹಿಂದುಗಡೆ ಮಾತ್ರ ಇಲ್ಲ.

"ಇದೇ ನೋಡಿ ಕಥೆ," ಅಂದ ರಫೀಕ್, ಬ್ರಷ್ ಕೆಳಗಿಟ್ಟು. "ಕೊಲೆಕೊ ಕಮೀಲಿಯನ್ ಅಂತ ಒಂದು ಕನ್ಸೋಲ್ ಇತ್ತು. ಮೊದಲು ರೆಟ್ರೊ ವಿಜಿಎಸ್ ಅನ್ನೋ ಹೆಸರಲ್ಲಿ 2015ರಲ್ಲಿ ಇಂಡಿಗೋಗೋದಲ್ಲಿ, ಅಂದ್ರೆ ವಸ್ತು ಮಾಡೋಕೆ ಜನರಿಂದ ಮುಂಚೆಯೇ ದುಡ್ಡು ಎತ್ತುವ ಜಾಲತಾಣದಲ್ಲಿ, ಸುಮಾರು 20 ಲಕ್ಷ ಡಾಲರ್ ಕೇಳಿದ್ರು, ಹುಟ್ಟಲಿಲ್ಲ. ಹೆಸರು ಬದಲಾಯಿಸಿ 2016ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಮಾದರಿ ಇಟ್ರು. ಆಟ ಓಡ್ತಾ ಇತ್ತು, ಜನ ಖುಷಿ. ಯಾರೋ ಒಬ್ಬ ಹಿಂದಿನ ಪೋರ್ಟುಗಳ ಫೋಟೊ ನೋಡಿದ. ಪವರ್ ಪಿನ್ ಇರುವ ಜಾಗ, ಟಿವಿ ಪಿನ್ ಇರುವ ಜಾಗ, ಎರಡೂ ನಿಂಟೆಂಡೊ ಕಂಪನಿಯ ಹಳೇ ಕನ್ಸೋಲ್ ಎಸ್‌ಎನ್‌ಇಎಸ್ ಜೂನಿಯರ್ ಬೋರ್ಡಿನದ್ದೇ."

"ಅಂದ್ರೆ ಒಳಗೆ ಬೇರೆಯವರ ಕನ್ಸೋಲ್ ಕೂರಿಸಿದ್ರಾ?" ಸುಬ್ಬಯ್ಯ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು.

"ತಾಳಿ ಮೇಷ್ಟ್ರೇ, ಮುಗೀಲಿಲ್ಲ. ಅನುಮಾನ ತೀರಿಸೋಕೆ ಪಾರದರ್ಶಕ ಕವಚದ ಫೋಟೊ ಹಾಕಿದ್ರು, ಒಳಗಿನ ಬೋರ್ಡ್ ಕಾಣಲಿ ಅಂತ. ಅದು ಸಿಸಿಟಿವಿ ರೆಕಾರ್ಡಿಂಗಿಗೆ ಕಂಪ್ಯೂಟರಿಗೆ ಹಾಕುವ ಕ್ಯಾಪ್ಚರ್ ಕಾರ್ಡ್! ಮಾರ್ಚಲ್ಲಿ, ಹೆಸರು ಬಳಸೋಕೆ ಕೊಟ್ಟಿದ್ದ ಕೊಲೆಕೊ ಕಂಪನಿಯವರು ಅದನ್ನ ವಾಪಸ್ ತಗೊಂಡ್ರು, ಅಲ್ಲಿಗೆ ಬಾಗಿಲು ಬಂದ್."

"ಪೆಟ್ಟಿಗೆ ಆದ್ರೂ ಅವರದ್ದೇ ಅಲ್ವಾ?"

"ಅದೂ ಅಟಾರಿ ಜಾಗ್ವಾರ್ ಕನ್ಸೋಲಿನ ಹಳೇ ಅಚ್ಚು. ನಡುವೆ ಅದೇ ಅಚ್ಚಲ್ಲಿ ಹಲ್ಲು ಡಾಕ್ಟರ ಕ್ಯಾಮೆರಾ ಪೆಟ್ಟಿಗೆ ಎರಕ ಹೊಯ್ದಿದ್ರು."

ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು. ಬೋಪಣ್ಣನಿಗೆ ನಗು ಬರಲಿಲ್ಲ. "ಅವರು ಕಳ್ಳರು, ಒಪ್ಪಿದೆ. ಇದು ದೊಡ್ಡ ಹೆಸರಿನವರದ್ದು. ಹಳೇ ಗೇಮ್ ಕಂಪನಿ ಅಟಾರಿಯವರೇ ಹೀಗೆ ದುಡ್ಡು ಎತ್ತಿ ಕನ್ಸೋಲ್ ಕೊಟ್ಟಿಲ್ವಾ?"

"ಕೊಟ್ರು, ಯಾವಾಗ ಅಂತ ಕೇಳಿ," ಅಂದರು ದೇಚಕ್ಕ. ಬ್ಯಾಂಕಿನಿಂದ ನಿವೃತ್ತಿಯಾದರೂ ತಾರೀಖು ಹಿಡಿಯುವ ಚಟ ಅವರನ್ನು ಬಿಟ್ಟಿಲ್ಲ. "2017ರ ಜೂನಲ್ಲಿ ಅಟಾರಿಬಾಕ್ಸ್ ಅಂತ ಘೋಷಣೆ. ಡಿಸೆಂಬರ್ 14ಕ್ಕೆ ಮುಂಗಡ ಬುಕಿಂಗ್ ಅಂದ್ರು, ಅವತ್ತೇ ಮುಂದೂಡಿದ್ರು. 2018ರ ಮೇ ಕೊನೆಗೆ ವಿಸಿಎಸ್ ಹೆಸರಲ್ಲಿ ಇಂಡಿಗೋಗೋಗೆ ಬಂದ್ರು, 30 ಲಕ್ಷ ಡಾಲರಿಗೂ ಜಾಸ್ತಿ ಬಿತ್ತು. ಕೊಡ್ತೀವಿ ಅಂದಿದ್ದು 2019ರ ಜುಲೈ. ಮೊದಲು ದುಡ್ಡು ಹಾಕಿದವರ ಕೈಗೆ ಬರೋಕೆ ಶುರುವಾಗಿದ್ದು 2020ರ ಡಿಸೆಂಬರ್. ಅಂಗಡಿಗೆ ಬಂದಿದ್ದು 2021ರ ಜೂನ್."

"ಅಷ್ಟು ತಡ ಯಾಕೆ?"

"ನಡುದಾರಿಯಲ್ಲಿ ಚಿಪ್ ಬದಲಾಯಿಸಿದ್ರು," ಅಂದ ರಫೀಕ್. "ದುಡ್ಡೆಲ್ಲ ಬಂದ ಮೇಲೆ, 2019ರ ಮಾರ್ಚಲ್ಲಿ ಎಎಂಡಿಯ ಹೊಸ ರೈಜನ್ ಹಾಕ್ತೀವಿ ಅಂದ್ರು. ಒಳ್ಳೇದೇ, ಹಳೇದಕ್ಕಿಂತ ವೇಗ, ಬಿಸಿಯೂ ಕಮ್ಮಿ. ಆದ್ರೆ ಚಿಪ್ ಬದಲಾದ್ರೆ ಅದರ ಬೆಸುಗೆ ಕಾಲುಗಳ ಜಾಗ ಬದಲು. ಆಗ ಬೋರ್ಡ್ ಹೊಸದು, ಹೀಟ್‌ಸಿಂಕ್ ಹೊಸದು, ಫರ್ಮ್‌ವೇರ್ ಹೊಸದು, ಬೇರೆ ಸಾಧನಗಳಿಗೆ ರೇಡಿಯೊ ಅಲೆಯ ತೊಂದರೆ ಕೊಡಲ್ಲ ಅನ್ನೋ ಪರೀಕ್ಷೆ ಮತ್ತೆ ಮೊದಲಿಂದ. ಅದೇ ವರ್ಷ ಅಕ್ಟೋಬರಲ್ಲಿ ವಿನ್ಯಾಸಕ ರಾಬ್ ವ್ಯಾಟ್, ಮೊದಲ ಎಕ್ಸ್‌ಬಾಕ್ಸಿಗೆ ಕೆಲಸ ಮಾಡಿದ್ದವರು, ಆರು ತಿಂಗಳಿಂದ ಬಿಲ್ ಪಾವತಿ ಆಗಿಲ್ಲ ಅಂತ ಕೈಬಿಟ್ಟು ಹೋದ್ರು."

ಇಷ್ಟಾದರೂ ವಿಸಿಎಸ್ ಕೈಗೆ ಬಂದಾಗ ಪೊಳ್ಳೇನೂ ಆಗಿರಲಿಲ್ಲ, ಅದನ್ನೂ ಹೇಳಬೇಕು. 8 ಜಿಬಿ ರ್‍ಯಾಮ್, ಬಿಚ್ಚಿ ಹೆಚ್ಚಿಸಿಕೊಳ್ಳಬಹುದು, ಒಳಗೆ ಎಂ.2 ಎಸ್‌ಎಸ್‌ಡಿಗೆ ಜಾಗ. ಯುಎಸ್‌ಬಿಯಿಂದ ವಿಂಡೋಸೋ ಲಿನಕ್ಸೋ ಹಾಕಿ ಸಣ್ಣ ಪಿಸಿ ಮಾಡಬಹುದು. ಸಣ್ಣ ಪಿಸಿಯ ದುಡ್ಡಿಗೆ ಸಣ್ಣ ಪಿಸಿಯೇ ಸಿಕ್ಕಿತು, ಎರಡು ವರ್ಷಕ್ಕೂ ಮೇಲೆ ಕಾಯಿಸಿ.

"ಬೋಪಣ್ಣ, ಹೂಮಳೆ ಬಿದ್ದ ದಿನವೇ ವ್ಯಾಪಾರಿ ಬಂದು ಕಾಫಿ ಮೂಟೆಗೆಲ್ಲ ಪೂರ್ತಿ ದುಡ್ಡು ಎಣಿಸಿದ್ರೆ ನೀನು ಏನಂತೀಯಾ?" ಅಂದರು ದೇಚಕ್ಕ.

"ಬುದ್ಧಿ ಇಲ್ಲ ಅಂತೀನಿ. ಕಾಯಿ ಕಟ್ಟಬೇಕು, ಉದುರದೆ ನಿಲ್ಲಬೇಕು..." ಬೋಪಣ್ಣ ಅಲ್ಲಿಗೇ ನಿಲ್ಲಿಸಿದ.

"ಇಂಡಿಗೋಗೋ ಥರದ್ದೇ ಇನ್ನೊಂದು ಜಾಲತಾಣ ಕಿಕ್‌ಸ್ಟಾರ್ಟರ್. ಅವರೇ 2012ರಲ್ಲಿ ಹೇಳಿದ್ದಾರೆ, ನಾವು ಅಂಗಡಿ ಅಲ್ಲ ಅಂತ," ಅಂದರು ದೇಚಕ್ಕ. " ವಸ್ತು ಮಾಡುವವರು ಕಂಪ್ಯೂಟರಲ್ಲಿ ಬಿಡಿಸಿದ ಚಿತ್ರ ಹಾಕಬಾರದು, ನಿಜವಾದ ಮಾದರಿ ತೋರಿಸಬೇಕು ಅಂತಲೂ ನಿಯಮ ಬಂತು. ಅಲ್ಲಿ ಗುರಿ ಮುಟ್ಟದಿದ್ರೆ ಯಾರ ದುಡ್ಡೂ ಕಡಿತ ಆಗಲ್ಲ. ಇಂಡಿಗೋಗೋದಲ್ಲಿ ಗುರಿ ಮುಟ್ಟದಿದ್ರೂ ಬಂದಷ್ಟು ಇಟ್ಟುಕೊಳ್ಳುವ ಬಗೆಯೂ ಉಂಟು. ಯಾವ ಬಗೆ ಅಂತ ಓದಿದ್ಯಾ?"

"ಕಾರ್ಡಲ್ಲಿ ಕೊಡೋದಲ್ವಾ ಅಕ್ಕ, ಬರದಿದ್ರೆ ಬ್ಯಾಂಕಿಗೆ ದೂರು."

"ಬ್ಯಾಂಕಿನ ಗಡುವು ತಿಂಗಳ ಲೆಕ್ಕ, ಇವರ ವಿಳಂಬ ವರ್ಷದ ಲೆಕ್ಕ. ನೀನು ದೂರು ಬರೆಯುವ ಹೊತ್ತಿಗೆ ನಮ್ಮ ಕೌಂಟರ್ ಮುಚ್ಚಿರುತ್ತೆ."

ಮೇಷ್ಟ್ರಿಗೆ ಬ್ರಿಟಿಷರ ಕಥೆ ನೆನಪಾಯಿತು. ಸಿಂಕ್ಲೇರ್ ಸ್ಪೆಕ್ಟ್ರಮ್ ವೇಗಾ ಪ್ಲಸ್, ಕೈಯಲ್ಲಿ ಹಿಡಿಯುವ ಕನ್ಸೋಲ್. 2016ರಲ್ಲಿ 5 ಲಕ್ಷ ಪೌಂಡಿಗೂ ಮೀರಿ ಎತ್ತಿದರು, 1,000 ಆಟ ಕೊಡ್ತೀವಿ ಅಂದರು. 2018ರಲ್ಲಿ ಕೆಲವರಿಗೆ ಮಾತ್ರ ತಲುಪಿತು, ಸಾವಿರ ಆಟ ಬರಲಿಲ್ಲ, ಗುಂಡಿಗಳು ಸರಿಯಾಗಿ ಒತ್ತುತ್ತಿರಲಿಲ್ಲ. ಹೆಸರಿನ ಹಕ್ಕು ಇದ್ದ ಸ್ಕೈ ಕಂಪನಿ ಪರವಾನಗಿ ಹಿಂದಕ್ಕೆ ಪಡೆಯಿತು. ಇಂಟೆಲಿವಿಷನ್ ಅಮಿಕೊ ಅಂತ ಇನ್ನೊಂದು: 2020ರ ಅಕ್ಟೋಬರ್ 10 ಅಂತ ತಾರೀಖು ಕೊಟ್ಟು, ಮುಂದೂಡಿ ಮುಂದೂಡಿ, ಕೊನೆಗೆ 2023ರಲ್ಲಿ ಫೋನಿನ ಆ್ಯಪ್ ಆಗಿ ಬಂತು.

"ಒಂದೂ ಸರಿಯಾಗಿ ಬಂದಿಲ್ವಾ ಹಾಗಾದ್ರೆ?" ಬೋಪಣ್ಣನ ದನಿ ಇಳಿದಿತ್ತು.

"ಬಂದಿದೆ. ಸ್ಪೆಕ್ಟ್ರಮ್ ನೆಕ್ಸ್ಟ್, ಹಳೇ ಸ್ಪೆಕ್ಟ್ರಮ್ ಕಂಪ್ಯೂಟರಿನ ಹೊಸ ರೂಪ," ಅಂದ ರಫೀಕ್. "2017ರಲ್ಲಿ ಕಿಕ್‌ಸ್ಟಾರ್ಟರ್. ಅವರು ಮೊದಲು ತೋರಿಸಿದ್ದು ಬೋರ್ಡನ್ನ. ಬೋರ್ಡ್ ಬೇಕಾದವರಿಗೆ ಬೋರ್ಡನ್ನೇ ಮೊದಲು ಕಳಿಸಿದ್ರು. ಕೀಬೋರ್ಡ್ ಸರಿ ಆಗಲಿಲ್ಲ ಅಂತ ಪೂರ್ತಿ ಯಂತ್ರ 2020ಕ್ಕೆ ಬಂತು, ಎರಡು ವರ್ಷ ತಡ. ಆದ್ರೆ ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ಹೇಳ್ತಾ ಬಂದ್ರು. ಪ್ಲಾಸ್ಟಿಕ್ ಅಚ್ಚಿಗೇ ಹತ್ತಾರು ಸಾವಿರ ಡಾಲರ್ ಹೋಗುತ್ತೆ, ಒಂದು ಸಲ ತಪ್ಪಿದ್ರೆ ತಿದ್ದೋಕೆ ಮತ್ತೆ ದುಡ್ಡು. ಅಚ್ಚಿನ ಬಗ್ಗೆ ಮಾತೇ ಆಡದೆ ಮರದ ಪಟ್ಟಿ ತೋರಿಸುವವರ ಹತ್ತಿರ ನನಗೆ ವ್ಯವಹಾರ ಬೇಡ."

"ಹಳೇ ಆಟ ಆಡಬೇಕು ಅಷ್ಟೇ ಮಾರಾಯ. ನೀನೇ ಹೇಳು ಏನು ಮಾಡೋದು."

ರಫೀಕ್ ಬಿಲ್ ಪುಸ್ತಕದ ಹಿಂಬದಿಗೆ ಬರೆಯತೊಡಗಿದ. ರಾಸ್ಪ್‌ಬೆರಿ ಪೈ 4, ಅಂಗೈಯಗಲದ ಕಂಪ್ಯೂಟರ್. 32 ಜಿಬಿ ಮೆಮೊರಿ ಕಾರ್ಡ್, ಒಳ್ಳೇ ಕಂಪನಿಯದ್ದು. ಟೈಪ್ ಸಿ ಅಡಾಪ್ಟರ್, 5 ವೋಲ್ಟ್ 3 ಆಂಪಿಯರ್. "ಹಳೇ ಫೋನಿನ ಚಾರ್ಜರ್ ಚುಚ್ಚಿದ್ರೆ ತೆರೆಯಲ್ಲಿ ಮಿಂಚಿನ ಗುರುತು ಬರುತ್ತೆ, ಆಟ ತೆವಳುತ್ತೆ. ಪೈಗೆ ಶಾಪ ಹಾಕಬೇಡಿ. ಕಂಪ್ಯೂಟರಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಅನ್ನೋ ಸಾಫ್ಟ್‌ವೇರ್ ತೆಗೆದು, ಹಳೇ ಆಟ ಓಡಿಸುವ ರೆಟ್ರೊಪೈ ಆರಿಸಿ ಕಾರ್ಡಿಗೆ ಬರೆಯೋದು. ಮೈಕ್ರೊ ಎಚ್‌ಡಿಎಂಐ ತೂತು ಎರಡಿರುತ್ತೆ, ಪವರ್ ಪಿನ್ನಿನ ಪಕ್ಕದ್ದಕ್ಕೆ ಹಾಕಿ. ಮೊದಲ ಸಲ ಆನ್ ಆದಾಗ ಕಂಟ್ರೋಲರಿನ ಒಂದೊಂದು ಗುಂಡಿ ಕೇಳುತ್ತೆ. ಇಲ್ಲದ ಗುಂಡಿ ಕೇಳಿದ್ರೆ ಇರೋ ಗುಂಡಿ ಯಾವುದನ್ನಾದ್ರೂ ಒತ್ತಿ ಹಿಡಿದ್ರೆ ಮುಂದಕ್ಕೆ ಹೋಗುತ್ತೆ."

"ಆಟಗಳು?"

"ಪೆನ್‌ಡ್ರೈವಲ್ಲಿ ರೆಟ್ರೊಪೈ ಅಂತ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಫೋಲ್ಡರ್ ಮಾಡಿ ಪೈಗೆ ಚುಚ್ಚಿ. ಅದರೊಳಗೆ ಪೈ ತಾನೇ ಬೇಕಾದ ಫೋಲ್ಡರ್‌ಗಳನ್ನ ಹುಟ್ಟಿಸುತ್ತೆ. ತೆಗೆದು ಆಟ ತುಂಬಿ ಮತ್ತೆ ಚುಚ್ಚಿ. ಆದ್ರೆ ಹಳೇ ಆಟಕ್ಕೂ ಹಕ್ಕುದಾರರಿದ್ದಾರೆ. ಬರೆದವರೇ ಪುಕ್ಕಟೆ ಬಿಟ್ಟಿದ್ದು ಬೇಕಾದಷ್ಟಿದೆ, ಅದರಿಂದ ಶುರು ಮಾಡಿ."

"ಮರದ ಪಟ್ಟಿ?"

"ತೋಟದಲ್ಲಿ ಸಿಲ್ವರ್ ಓಕ್ ಇಲ್ವಾ?"

"ಬೀಟೆ ಆದ್ರೆ ಲುಕ್ಕು."

"ಬೀಟೆ ಅಂದ್ರೆ ಕನ್ಸೋಲಿಗಿಂತ ಮೊದಲು ಫಾರೆಸ್ಟ್‌ನವರು ಬರ್ತಾರೆ," ಅಂದರು ಮೇಷ್ಟ್ರು.

ಅಷ್ಟರಲ್ಲಿ ಕರೆಂಟು ಬಂತು, ಎರಡು ನಿಮಿಷ ಇದ್ದು ಹೋಯಿತು. ರಫೀಕ್ ಪಟ್ಟಿಯ ಕೆಳಗೆ 'ಇನ್ವರ್ಟರ್ ಲೈನ್' ಅಂತ ಬರೆದು ಎರಡು ಗೆರೆ ಎಳೆದ. ಕಾರ್ಡಿಗೆ ಬರೆಯುವಾಗ ಕರೆಂಟು ಹೋದರೆ ಫೈಲ್ ವ್ಯವಸ್ಥೆ ಕೆಟ್ಟು ಪೈ ಮತ್ತೆ ಏಳದೇ ಹೋಗಬಹುದು. ಆಟ ಮುಗಿದ ಮೇಲೆ ಮೆನುವಿನಿಂದಲೇ ಶಟ್‌ಡೌನ್ ಮಾಡಬೇಕು, ವೈರ್ ಎಳೆಯಬಾರದು. ಎಲ್ಲ ಸರಿಯಾದ ಮೇಲೆ ಆ ಕಾರ್ಡಿನ ಪ್ರತಿ ಒಂದು ಕಂಪ್ಯೂಟರಲ್ಲಿ ಇಟ್ಟುಕೊಂಡರೆ ಮಳೆಗಾಲ ಕಳೆಯುತ್ತೆ.

"ಮತ್ತೆ ಗುಂಡಿ ಒತ್ತಿ ಅರ್ಧ ಗಳಿಗೆ ಆದ ಮೇಲೆ ಗೊಂಬೆ ಹಾರಿದ್ರೆ ನನಗೆ ಫೋನ್ ಮಾಡಬೇಡಿ, ಟಿವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ ಹಾಕಿ. ಚಿತ್ರ ಚಂದ ಮಾಡೋಕೆ ಹೋಗಿ ಟಿವಿಯೇ ತಡ ಮಾಡೋದು."

ಬೋಪಣ್ಣ ಪಟ್ಟಿ ಮಡಚಿ ಜೇಬಿಗೆ ಹಾಕಿದ. "ಎರಡು ಸೆಟ್ ತರಿಸು."

"ಎರಡು ಯಾಕೋ?" ಅಂದರು ದೇಚಕ್ಕ.

"ಒಂದು ಹಾಳಾದ್ರೆ ಇರಲಿ ಅಂತ ಅಕ್ಕ."

"ಮೊದಲು ಒಂದಕ್ಕೆ ಅಡ್ವಾನ್ಸ್ ಕೊಡು. ರಫೀಕನದ್ದು ಅಂಗಡಿ, ಕಿಕ್‌ಸ್ಟಾರ್ಟರ್ ಅಲ್ಲ."