ಕೊನೇ ದಿನಗಳ ಖರ್ಚಿಗೆ ಲಿಂಕ್ ಹಾಕುವ ಮೊದಲು: ಕೇಳಿ, ಹೇಳ್ತೀನಿ

(ಲಿಂಕ್ ಅಂದರೆ ಚಿಕಿತ್ಸೆಗೆ ಆನ್‌ಲೈನ್‌ನಲ್ಲಿ ಜನರಿಂದ ದುಡ್ಡು ಕೇಳುವ ಪುಟ. ಬರೆದವರ ಹೆಸರಿನ ಬದಲು ಊರು ಕೊಟ್ಟಿದೆ. ಉತ್ತರ ಕೊಡುವವರು ಬೆಂಗಳೂರಿನ ಆಸ್ಪತ್ರೆಯೊಂದರ ಪ್ಯಾಲಿಯೇಟಿವ್, ಅಂದರೆ ಗಂಭೀರ ರೋಗಿಗಳ ನೋವು ಕಡಿಮೆ ಮಾಡುವ, ವಿಭಾಗದ ಸಮಾಜ ಕಾರ್ಯಕರ್ತೆ)

ಮಂಡ್ಯ: ಅಪ್ಪನಿಗೆ 67. ಶ್ವಾಸಕೋಶದ ಕ್ಯಾನ್ಸರ್, ಲಿವರ್‌ಗೂ ಮೂಳೆಗೂ ಹರಡಿದೆ. ಕೀಮೋ ಇನ್ನು ಬೇಡ ಅಂದರು. ಉಸಿರಾಟ ಕಷ್ಟವಾದರೆ ಐಸಿಯು, ವೆಂಟಿಲೇಟರ್‌ಗೆ 12 ಲಕ್ಷ ಇಟ್ಟುಕೊಳ್ಳಿ ಅಂತ ಎಸ್ಟಿಮೇಟ್ ಕೊಟ್ಟಿದ್ದಾರೆ. ಲಿಂಕ್‌ನಲ್ಲಿ 3.4 ಲಕ್ಷ ಬಂದಿದೆ. ಜನ ಬೇಗ ಕೊಡಲು ಎಂಥ ಫೋಟೋ ಹಾಕಲಿ?

ಉತ್ತರ: ಫೋಟೋ ಆಮೇಲೆ. ಮೊದಲು ಡಾಕ್ಟರನ್ನು ಒಂದೇ ಮಾತು ಕೇಳಿ. ವೆಂಟಿಲೇಟರ್ ಹಾಕಿದರೆ ಅಪ್ಪ ಅದರಿಂದ ಹೊರಗೆ ಬರ್ತಾರಾ? ಈ ಹಂತದಲ್ಲಿ ಬಹಳ ಸಲ ಉತ್ತರ "ಕಷ್ಟ" ಅಂತಲೇ ಇರುತ್ತದೆ. ಹಾಗಾದರೆ 12 ಲಕ್ಷ ಎತ್ತುತ್ತಿರುವುದು ಯಾತಕ್ಕೆ?

ಮನೆಯಲ್ಲಿ ನೋಡಿಕೊಳ್ಳಲು ಬೇಕಾದ್ದೇ ಬೇರೆ. ಬಾಡಿಗೆ ಆಕ್ಸಿಜನ್ ಕಾನ್ಸಂಟ್ರೇಟರ್, ಗಾಳಿ ಹಾಸಿಗೆ, ಡೈಪರ್, ನೋವಿಗೆ ಮಾರ್ಫಿನ್ ಮಾತ್ರೆ, ರಾತ್ರಿ ಪಕ್ಕದಲ್ಲಿ ಕೂರಲು ಒಬ್ಬರು. ಅದಕ್ಕೆ ಅಷ್ಟು ದುಡ್ಡು ಬೇಡ. ಕೊನೇ ದಿನಗಳಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ, ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್‌ನಲ್ಲಿ ಕ್ಯಾನ್ಸರ್ ರೋಗಿಗಳಿಂದ ದುಡ್ಡೇ ತಗೊಳ್ಳುವುದಿಲ್ಲ. ಮನೆಗೆ ಕರೆದುಕೊಂಡು ಹೋಗೋದಾದರೆ ಲಿಂಕ್‌ನ ಬರಹವನ್ನೂ ಬದಲಿಸಿ. ಕೊಟ್ಟವರು ಚಿಕಿತ್ಸೆಗೆ ಅಂತ ಕೊಟ್ಟಿದ್ದಾರೆ. ಪ್ಲಾಟ್‌ಫಾರ್ಮ್‌ನವರು ಸಾಮಾನ್ಯವಾಗಿ ನೇರ ಆಸ್ಪತ್ರೆಗೇ ಕಟ್ಟುತ್ತಾರೆ. ಮನೆ ಖರ್ಚಿಗಾದರೆ ಬಿಲ್ ಕೇಳುತ್ತಾರೆ, ಮೊದಲೇ ಮಾತಾಡಿ.

ಈಗ ಫೋಟೋ. ಹೋದ ವರ್ಷ ನಮ್ಮ ವಾರ್ಡ್‌ನಲ್ಲಿ ಒಬ್ಬರು ಮೇಷ್ಟ್ರಿದ್ದರು. ಮನೆಯವರು ಅವರಿಗೆ "ಅಲ್ಸರ್" ಅಂದಿದ್ದರು. ಪಕ್ಕದ ಬೆಡ್‌ನ ಹುಡುಗ ಮೊಬೈಲ್ ತೋರಿಸಿ "ಸಾರ್, ಇದು ನೀವಲ್ವಾ?" ಅಂದ. ಮೂಗಿಗೆ ಪೈಪ್ ಇದ್ದ ಫೋಟೋ, ಕೆಳಗೆ "ಕೊನೇ ಹಂತದ ಕ್ಯಾನ್ಸರ್, ಉಳಿಸಿ". ಮೇಷ್ಟ್ರು ಕನ್ನಡಕ ತರಿಸಿಕೊಂಡು ಪೂರ್ತಿ ಓದಿದರು. ಒಂದು ಕಾಗುಣಿತ ತಪ್ಪು ತೋರಿಸಿದರು. ಆಮೇಲೆ ಎರಡು ದಿನ ಮಗನ ಜೊತೆ ಮಾತಾಡಲಿಲ್ಲ.

ನಿಮ್ಮ ಅಪ್ಪನನ್ನು ಕೇಳಿದ್ದೀರಾ?

ಮೈಸೂರು: ಲಿಂಕ್‌ಗೆ ಕೊಟ್ಟರೆ 80ಜಿ ತೆರಿಗೆ ವಿನಾಯಿತಿ ಸಿಗುತ್ತಾ ಮೇಡಂ?

ಉತ್ತರ: ವ್ಯಕ್ತಿಗೆ ಕೊಟ್ಟದ್ದಕ್ಕೆ ಇಲ್ಲ. 80ಜಿ ನೋಂದಣಿ ಇರುವ ಟ್ರಸ್ಟ್‌ಗೆ ಕೊಟ್ಟರೆ ಉಂಟು, ಅದೂ ಹಳೇ ತೆರಿಗೆ ಪದ್ಧತಿಯಲ್ಲಿ. ನಗದಾದರೆ 2,000 ರೂಪಾಯಿವರೆಗೆ ಮಾತ್ರ.

ತುಮಕೂರು: ಲಕ್ಷ್ಮಣಫಲ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ. 20 ಗ್ರೂಪ್‌ಗೆ ಕಳಿಸಿ, ಒಂದು ಜೀವ ಉಳಿಸಿ 🙏

ಉತ್ತರ: ಒಂದಕ್ಕೂ ಕಳಿಸಬೇಡಿ. ಎಷ್ಟು ವರ್ಷದಿಂದ ಸುತ್ತುತ್ತಿರುವ ಸುಳ್ಳು ಇದು! ಜನ ಕೊಟ್ಟ ದುಡ್ಡಲ್ಲಿ ಇದರ ಪುಡಿ ಪಾರ್ಸೆಲ್ ತರಿಸಿದ ಬಿಲ್ ನನ್ನ ಮೇಜಿಗೇ ಬಂದಿದೆ. ಆ ವಾರ ಆ ಮನೆಯಲ್ಲಿ ನೋವಿನ ಮಾತ್ರೆ ಖಾಲಿಯಾಗಿತ್ತು.

ದಾವಣಗೆರೆ: ಮಾರ್ಫಿನ್ ಕೊಟ್ಟರೆ ಬೇಗ ಹೋಗ್ತಾರಂತೆ?

ಉತ್ತರ: ನೋವಿಗೆ ತಕ್ಕ ಡೋಸ್ ಕೊಟ್ಟರೆ ಇಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಬರೆಸಿಕೊಳ್ಳಿ.

ಹಾಸನ: ಅಮ್ಮನ ಡಯಾಲಿಸಿಸ್ ನಿಲ್ಲಿಸೋಣ ಅಂತ ಅಮ್ಮನೇ ಹೇಳ್ತಿದ್ದಾರೆ. ಲಿಂಕ್‌ನಲ್ಲಿ ಇನ್ನೂ ದುಡ್ಡಿದೆ. ಏನು ಮಾಡೋದು?

ಡಲ್ಲಾಸ್: ಇದೆಲ್ಲ ಸರಿ. ನಾನು ಒಬ್ಬರಿಗೆ 200 ಡಾಲರ್ ಹಾಕಿದೆ, ತಿಂಗಳೊಳಗೆ ರೋಗಿಯ ತಮ್ಮ ಹೊಸ ಬೈಕ್ ತಗೊಂಡ. ಲೆಕ್ಕ ಕೇಳಿದರೆ ಬ್ಲಾಕ್.

ಹುಬ್ಬಳ್ಳಿ: ಬೈಕು ಸಾಲದ್ದು ಇರಬಹುದು. ಅಲ್ಲಿ ಕೂತು ಲೆಕ್ಕ ಕೇಳೂದು ಸುಲಭ ಐತ್ರಿ.

ಡಲ್ಲಾಸ್: ಕೊಟ್ಟವನು ನಾನು. ನೀವೆಷ್ಟು ಕೊಟ್ರಿ?

ಹುಬ್ಬಳ್ಳಿ: ನಾನು ಎರಡು ರಾತ್ರಿ ಆಸ್ಪತ್ರ್ಯಾಗ ಮಲಗೇನಿ. ಅದಕ್ಕ ರಸೀದಿ ಇಲ್ಲ.

ಬೆಳಗಾವಿ: ವೆಂಟಿಲೇಟರ್ ಬೇಡ ಅನ್ನೋದು ಅಪ್ಪನ್ನ ಕೊಂದಂಗೇ.

ಉತ್ತರ: ಅಲ್ಲ. ಗುಣವಾಗುವ ಆಸೆ ಇಲ್ಲದಾಗ ಇಂಥ ಯಂತ್ರ ಬೇಡ ಅನ್ನಲು ಸುಪ್ರೀಂ ಕೋರ್ಟ್ 2018ರಲ್ಲೇ ದಾರಿ ಮಾಡಿತು, 2023ರಲ್ಲಿ ಕ್ರಮ ಸರಳ ಮಾಡಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಆದೇಶ ಹೊರಡಿಸಿತು. ಆ ಮಾತು ಇಲ್ಲಿ ಆಡಬೇಡಿ. ಮಂಡ್ಯದ ಹುಡುಗ ಓದ್ತಿದ್ದಾನೆ.

ಶಿವಮೊಗ್ಗ: 80ಜಿ ರಸೀದಿ ಬರುತ್ತಾ?

ಉತ್ತರ: ಮೇಲೆ ಓದಿ.

ಕೋಲಾರ: ದುಡ್ಡು ನನ್ನ ಖಾತೆಗೇ ಬಂದರೆ ತೆರಿಗೆ ಇದೆಯಾ?

ಉತ್ತರ: ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯ. ಆಸ್ಪತ್ರೆಗೇ ನೇರ ಹೋಗಲಿ. ಉಳಿದದ್ದು ಸಿಎ ಹತ್ತಿರ ಕೇಳಿ.

ಡಲ್ಲಾಸ್: ಬೈಕ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಉತ್ತರ: ಬೈಕ್ ನನ್ನ ವಿಭಾಗ ಅಲ್ಲ.

ಮಂಡ್ಯ: ಅಪ್ಪನಿಗೆ ಲಿಂಕ್ ತೋರಿಸಿದೆ. ಪೈಪ್ ಇರೋ ಫೋಟೋ ತೆಗಿ ಅಂದರು. ಹಾಕಲೇಬೇಕು ಅಂದ್ರೆ ತಂಗಿ ಮದುವೆಯಲ್ಲಿ ಪೇಟ ಕಟ್ಟಿದ್ದು ಹಾಕು ಅಂದರು. ಮನೆಗೆ ಯಾವಾಗ ಅಂತ ಎರಡು ಸಲ ಕೇಳಿದರು. ಆಕ್ಸಿಜನ್ ಮಷೀನ್ ಮಂಡ್ಯದಲ್ಲಿ ಬಾಡಿಗೆಗೆ ಸಿಗುತ್ತಾ?

ಉತ್ತರ: ಇನ್‌ಬಾಕ್ಸ್ ನೋಡಿ. ಕರೆಂಟ್ ಹೋದರೆ ಏನು ಅಂತಲೂ ಬರೆದಿದ್ದೇನೆ.