ಮಲ್ಪೆಯಿಂದಲೇ ರಾಕೆಟ್ ಬಿಟ್ರೆ ಎಂತ?

ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರಿದಾಗೆಲ್ಲ ಉಡುಪಿಯಲ್ಲಿ ನಮ್ಮ ಬೋಟಿನ ಶೆಟ್ರಿಗೆ ಹೊಟ್ಟೆ ಉರಿ. "ನಮಗೆ ಕಡಲಿಲ್ವಾ ಮಾರಾಯ್ರೆ? ಆರ್ಯಭಟ ಉಪಗ್ರಹ ಮಾಡಿಸಿದ ಯು.ಆರ್. ರಾವ್ ನಮ್ಮ ಅದಮಾರಿನವರು. ರಾಕೆಟ್ ಮಾತ್ರ ಆಂಧ್ರದಿಂದ ಯಾಕೆ?"

"ಆರ್ಯಭಟ ಆಂಧ್ರದಿಂದಲೂ ಹಾರಿದ್ದಲ್ಲ" ಎಂದರು ಮೇಷ್ಟ್ರು. "1975ರಲ್ಲಿ ಅದು ಹೋದದ್ದು ಸೋವಿಯತ್ ರಾಕೆಟ್‌ನಲ್ಲಿ. ನಮ್ಮದೇ ರಾಕೆಟ್ ಉಪಗ್ರಹ ಮುಟ್ಟಿಸಿದ್ದು 1980ರಲ್ಲಿ. ಹಿಂದಿನ ವರ್ಷದ್ದು ಸೀದಾ ಕಡಲಿಗೆ."

ಗೋಳಿಬಜೆ ಬಂತು, ಮೇಷ್ಟ್ರ ಪಾಠ ನಿಲ್ಲಲಿಲ್ಲ. ಉಡುಪಿ, ಶ್ರೀಹರಿಕೋಟಾ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಇಲ್ಲಿ ಸುಮ್ನೆ ಕೂತಿದ್ರೂ ಭೂಮಿ ನಮ್ಮನ್ನು ಗಂಟೆಗೆ ಸುಮಾರು 1600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಒಯ್ಯುತ್ತದೆ, ರಾಕೆಟನ್ನು ಪೂರ್ವಕ್ಕೆ ಬಿಟ್ಟರೆ ಅಷ್ಟು ವೇಗ ಪುಕ್ಕಟೆ.

"ಹಾಗಾದ್ರೆ ಮಲ್ಪೆಯಿಂದಲೂ ಪೂರ್ವಕ್ಕೇ ಬಿಡಿ!"

"ರಾಕೆಟಿನ ಉರಿದು ಮುಗಿದ ಭಾಗಗಳು ಅಲ್ಲಿ ಬಂಗಾಳ ಕೊಲ್ಲಿಗೆ ಬೀಳ್ತವೆ. ಇಲ್ಲಿ? ಘಟ್ಟದ ಮೇಲೆ ಯಾರದ್ದೋ ಅಡಿಕೆ ತೋಟಕ್ಕೆ."

"ತೀರ್ಥಹಳ್ಳಿಯಲ್ಲಿ ನನ್ನ ಭಾವನ ತೋಟ ಉಂಟು" ಎಂದ ಬ್ಯಾಂಕಿನವನು. "ಬೀಳ್ಲಿ, ಪರವಾಗಿಲ್ಲ."

ಶೆಟ್ರು ಸೋಲುವ ಜನ ಅಲ್ಲ. "ಪಿಎಸ್‌ಎಲ್‌ವಿ ರಾಕೆಟ್ ದಕ್ಷಿಣಕ್ಕಲ್ವಾ ಹೋಗೋದು? ನಮ್ಮ ದಕ್ಷಿಣಕ್ಕೆ ಬರೀ ಕಡಲು."

ಇದು ಒಳ್ಳೆ ಪಾಯಿಂಟು ಅಂತ ನನಗೂ ಅನ್ನಿಸಿತು. ಶ್ರೀಹರಿಕೋಟಾದಿಂದ ದಕ್ಷಿಣಕ್ಕೆ ಹೋಗಲು ಶ್ರೀಲಂಕಾ ಅಡ್ಡ. ಅದಕ್ಕೇ ಧ್ರುವಗಳ ಮೇಲಿಂದ ಭೂಮಿ ಸುತ್ತುವ ಧ್ರುವಕಕ್ಷೆಗೆ ಹೋಗುವ ಪಿಎಸ್‌ಎಲ್‌ವಿ ಮೊದಲು ಆಗ್ನೇಯಕ್ಕೆ ಹಾರಿ ಆಮೇಲೆ ತಿರುಗುತ್ತದೆ, ಇಂಧನ ದಂಡ. ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಗೆ ಆ ಸುತ್ತು ದುಬಾರಿ ಅಂತಲೇ ತಮಿಳುನಾಡಿನ ಕುಲಶೇಖರಪಟ್ಟಣಂನಲ್ಲಿ ಇನ್ನೊಂದು ನೆಲೆ ಆಗ್ತಿದೆ.

"ನೆಟ್ಟಗೆ ದಕ್ಷಿಣಕ್ಕಲ್ಲ ಶೆಟ್ರೇ" ಎಂದರು ಮೇಷ್ಟ್ರು. "ಆ ಉಪಗ್ರಹಗಳು ಜಾಸ್ತಿ ಹೋಗೋದು ಸ್ವಲ್ಪ ಪಶ್ಚಿಮಕ್ಕೆ ವಾಲಿಕೊಂಡು. ಅಲ್ಲಿ ಮಾಲ್ಡೀವ್ಸ್ ಕೂತಿದೆ. ಮತ್ತೆ, ಹಾರಿಸುವ ದಿನ ನಿಮ್ಮ ಬೋಟು ಆ ಕಡೆ ಹೋಗುವ ಹಾಗಿಲ್ಲ."

ಶೆಟ್ರ ಬಾಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. ನಂತರ ನುಂಗಿ, "ಜೂನ್, ಜುಲೈ ಹೇಗೂ ಮೀನು ಹಿಡಿಯಲಿಕ್ಕಿಲ್ಲ. ಆಗ ಬಿಡ್ಲಿ" ಎಂದರು.

"ಆಟಿ ಮಳೆಯಲ್ಲಾ? 44 ಮೀಟರ್ ಎತ್ತರದ ರಾಕೆಟ್‌ಗೆ ಟಾರ್ಪಾಲು ಯಾರು ಹೊದಿಸೋದು?"

"ಟಾರ್ಪಾಲು ನಾನು ಕೊಡ್ತೇನೆ ಮಾರಾಯ್ರೆ, ಬಾಡಿಗೆ ಮಾತ್ರ ಇಸ್ರೋದವರು ಅಡ್ವಾನ್ಸ್ ಕೊಡ್ಬೇಕು."