ಪ್ರಶ್ನೋತ್ತರ: ಪೆನ್ನಲ್ಲಿ ಗೀಚಿ ಅಳಿಸೋದು 'ಆಬ್ವಿಯಸ್' ಅಂತ ಅಮೆರಿಕದ ಪೇಟೆಂಟ್ ಆಫೀಸು ತಳ್ಳಿಹಾಕಿದೆ, ಅಪೀಲು ಹಾಕಲಾ?

ಹಸಿರು ಪೆನ್ನು: ಮೇಡಂ, ಟ್ಯಾಬ್ಲೆಟ್ಟಲ್ಲಿ 'ಅಕ್ಕ' ಅಂತ ಬರೆದು ಗೀಚಿ ಅಳಿಸಿದರೆ ಮೇಲಿನ ಕ ಹೋಗುತ್ತೆ, ಒತ್ತು ಅಲ್ಲೇ ಉಳಿಯುತ್ತೆ. ನಮ್ಮದರಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ಗೀಚೋದು ಒಂದು ಹಳೇ ಪೇಟೆಂಟಲ್ಲಿದೆ, ಗೆರೆಗಳನ್ನು ಅಂತರ ನೋಡಿ ಗುಂಪು ಮಾಡೋದು ಇನ್ನೊಂದರಲ್ಲಿದೆ, ಎರಡನ್ನೂ ಸೇರಿಸಿದರೆ ಆಬ್ವಿಯಸ್, ಅಂದರೆ ಈ ಕೆಲಸ ಬಲ್ಲವರಿಗೆ ಸುಲಭಕ್ಕೆ ಹೊಳೆಯೋದು, ಅಂತ ಫೈನಲ್ ರಿಜೆಕ್ಷನ್ ಬಂದಿದೆ.

ಪೇಟೆಂಟ್ ಮೇಡಂ: ಅರ್ಜಿ ಪಬ್ಲಿಶ್ ಆಗಿದ್ದರೆ ಮಾತ್ರ ಕ್ಲೇಮ್ 1 (ಯಾವುದಕ್ಕೆ ಹಕ್ಕು ಕೇಳಿದ್ದೀರಿ ಅನ್ನೋ ಸಾಲು) ಇಲ್ಲಿ ಹಾಕಿ.

ಹಸಿರು ಪೆನ್ನು: ಆಗಿದೆ. "ಗೆರೆ ತಾಗಿದ ಗುರುತನ್ನೂ ಅದರ ಗುಂಪಿನ ಗುರುತುಗಳನ್ನೂ ಅಳಿಸುವುದು."

ಪೇಟೆಂಟ್ ಮೇಡಂ: ಎಡವಟ್ಟು ಇಲ್ಲೇ ಇದೆ. ನೀವು ಕಂಡುಹಿಡಿದಿದ್ದು ಒತ್ತಿನ ವಿಷಯ, ಕ್ಲೇಮಿನಲ್ಲಿ ಒತ್ತಿನ ಸುಳಿವೇ ಇಲ್ಲ. ಕ್ಲೇಮಿನಲ್ಲಿಲ್ಲದ್ದನ್ನು ಹತ್ತು ಪುಟ ವಾದಿಸಿದರೂ ಅಪೀಲು ಬೋರ್ಡು ಲೆಕ್ಕಕ್ಕಿಡಲ್ಲ. ಬರೀ ಗೀಚೋದು 1993ರ ಆಪಲ್ ನ್ಯೂಟನ್‌ನಲ್ಲೇ ಇತ್ತು. ಆದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಷ್ಟು ಹತ್ತಿರ ಕೂತಿರುತ್ತಲ್ಲ, ಅಂತರ ನೋಡುವ ಆ ಹಳೇ ಪೇಟೆಂಟು ಅದನ್ನು ಕೆಳಗಿನ ಸಾಲಿಗೇ ಸೇರಿಸಿಬಿಡಬಹುದು. ಹಾಗಾದರೆ ಎರಡನ್ನೂ ಕೂಡಿಸಿದರೂ ನಿಮ್ಮದು ಬರಲ್ಲ. ವಾದ ಅಂದರೆ ಅದು! ಎರಡನ್ನೂ ಸೇರಿಸೋದಕ್ಕೆ ಕಾರಣ 'ಬಳಕೆದಾರರಿಗೆ ಅನುಕೂಲ' ಅಂತ ಎಕ್ಸಾಮಿನರ್ ಒಂದೇ ಸಾಲು ಬರೆದಿದ್ದರೆ ಅದನ್ನೂ ಹಿಡೀರಿ. ಅಮೆರಿಕದ ಸುಪ್ರೀಂ ಕೋರ್ಟಿನ 2007ರ ಕೆಎಸ್‌ಆರ್ ತೀರ್ಪು ಅವರ ಕೆಲಸ ಸುಲಭ ಮಾಡಿದ್ದು ನಿಜ, ಕಾರಣ ಬಿಡಿಸಿ ಹೇಳಬೇಕು ಅಂದಿದ್ದೂ ಅದೇ ತೀರ್ಪು. ಮೊದಲು ಆರ್‌ಸಿಇ (ಪರೀಕ್ಷೆ ಮುಂದುವರಿಸಿ ಅನ್ನೋ ಕೋರಿಕೆ) ಹಾಕಿ ಕ್ಲೇಮ್ ತಿದ್ದಿ, ಪರೀಕ್ಷೆ ಮಾಡಿ ನೋಡಿದ ಅಫಿಡವಿಟ್ಟೂ ಆಗಲೇ ಕೊಡಿ. ಅಪೀಲಿನ ಬ್ರೀಫಿನಲ್ಲಿ, ಅಂದರೆ ಲಿಖಿತ ವಾದದಲ್ಲಿ, ಹೊಸ ಸಾಕ್ಷ್ಯ ತುರುಕಕ್ಕಾಗಲ್ಲ. ಒತ್ತಿನ ಮಾತು ಮೂಲ ಅರ್ಜಿಯಲ್ಲಿದೆಯಾ? ಇಲ್ಲದಿದ್ದರೆ ಈಗ ಸೇರಿಸೋ ಹಾಗಿಲ್ಲ.

ರಾಗಿಮುದ್ದೆ: ಫಾರ್ವರ್ಡ್ ಬಂದಿದೆ: ಮೂರಕ್ಕಿಂತ ಹೆಚ್ಚು ಹಳೇ ದಾಖಲೆ ಜೋಡಿಸಿದರೆ ಆಬ್ವಿಯಸ್ ಅಲ್ಲವಂತೆ 🙏

ಪೇಟೆಂಟ್ ಮೇಡಂ: ಸುಳ್ಳು. 1991ರ ಗೋರ್ಮನ್ ಕೇಸಲ್ಲಿ ಹೆಬ್ಬೆಟ್ಟಿನಾಕಾರದ ಲಾಲಿಪಾಪಿಗೆ 13 ದಾಖಲೆ ಜೋಡಿಸಿದ್ದರು, ಆಬ್ವಿಯಸ್ ಅಂತ ಕೋರ್ಟೂ ಒಪ್ಪಿತು. ಇಂಥದ್ದನ್ನು ನಂಬಿ ಬ್ರೀಫ್ ಬರೆದವರನ್ನು ನೋಡಿದ್ದೇನೆ.

ಬೋರ್ಡ್ ಪರೀಕ್ಷೆ: ನೋಟಿಸ್ ಆಫ್ ಅಪೀಲ್ ಆದಮೇಲೆ ಬ್ರೀಫಿಗೆ ಎಷ್ಟು ದಿನ?

ಪೇಟೆಂಟ್ ಮೇಡಂ: ಎರಡು ತಿಂಗಳು.

ಹಳೇ ಕೋಡರ್: ಗೀಟಿಗೆಲ್ಲ ಪೇಟೆಂಟ್ ಯಾಕೆ ಸ್ವಾಮಿ? ಆಪಲ್ಲಿನ 'ಸ್ಲೈಡ್ ಟು ಅನ್‌ಲಾಕ್' 2016ರಲ್ಲಿ ಬಿದ್ದೇಹೋಯಿತು.

ಅರ್ಧ ವಕೀಲ: ಅರ್ಧ ಓದಿದ್ದೀರಿ. ಫೆಬ್ರವರಿಯಲ್ಲಿ ಬೀಳಿಸಿದ್ದು ಪೇಟೆಂಟ್ ಅಪೀಲು ಕೇಳುವ ಫೆಡರಲ್ ಕೋರ್ಟಿನ ಮೂವರು ಜಡ್ಜುಗಳು. ಅಕ್ಟೋಬರಲ್ಲಿ ಅದೇ ಕೋರ್ಟಿನ ಪೂರ್ಣ ಪೀಠ ಎತ್ತಿ ನಿಲ್ಲಿಸಿತು.

ಹಳೇ ಕೋಡರ್: ನಿಯೋನೋಡ್ ಫೋನಲ್ಲಿ ಮೊದಲೇ ಇತ್ತಲ್ಲ!

ಅರ್ಧ ವಕೀಲ: ಅದನ್ನೂ ನೋಡಿಯೇ ಜ್ಯೂರಿ ಆಬ್ವಿಯಸ್ ಅಲ್ಲ ಅಂದಿದ್ದು. ತೀರ್ಪು ಓದಿ ಮಾತಾಡಿ.

ಹಳೇ ಕೋಡರ್: ನಿಮ್ಮಂಥವರಿಂದಲೇ ಕೋಡ್ ಬರೆಯೋರಿಗೆ ಈ ಗತಿ.

ಸೊಪ್ಪಿನ ಸಾರು: ಚೆನ್ನೈ ಆಫೀಸಲ್ಲಿ ಇದೇ ಅರ್ಜಿ ಹಾಕಿದರೆ 3(ಕೆ), ಅದೇ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ ಅನ್ನೋ ನಮ್ಮ ಕಾಯ್ದೆಯ ಕಲಂ, ಅಡ್ಡ ಬರುತ್ತಾ?

ಗೆರೆಗಾರ: ಬ್ರೀಫಿಗೆ ಎಷ್ಟು ದಿನ ಮೇಡಂ?

ಪೇಟೆಂಟ್ ಮೇಡಂ: ಮೇಲೆ ನೋಡಿ.

ಹಸಿರು ಪೆನ್ನು: ಮೇಡಂ, ವಿವರಣೆಯಲ್ಲಿ ಒತ್ತು ಅನ್ನೋ ಪದ ಇಲ್ಲ. ಚಿತ್ರ 4ರಲ್ಲಿ ಮಾತ್ರ 'ಅಕ್ಕ' ಇದೆ, ಒತ್ತಿನ ಸುತ್ತ ಚುಕ್ಕಿಗೆರೆ ಹಾಕಿದ್ದೀವಿ.

ಪೇಟೆಂಟ್ ಮೇಡಂ: ಆ ಚುಕ್ಕಿಗೆರೆ ಇದ್ದರೆ ದಾರಿ ಇದೆ. ಪುಟ ಕಳಿಸಿ. ಉಳಿದವರು ಜಗಳ ಬೇರೆ ಕಡೆ ಆಡ್ಕೊಳ್ಳಿ.